ಕೋಲು ಹಿಡಿದವನ ಕೈ

ನನ್ನ ಸೋದರಮಾವನ ಕೆಲಸ ನಿಲ್ಲುವುದು. ತಮಾಷೆಗೆ ಹೇಳುತ್ತಿಲ್ಲ. ಅವನ ಪ್ರಾಯದ ಕಾಲದಲ್ಲಿ ಹೆಣ್ಣು ನೋಡಲು ಹೋದ ಮನೆಯಲ್ಲಿ "ಏನು ಕೆಲಸ ಮಾಡ್ತೀಯಪ್ಪಾ?" ಎಂದು ಕೇಳಿದ್ದಕ್ಕೆ "ನಿಂತ್ಕೋತೀನಿ" ಎಂದನಂತೆ. ಅವರು ಮುಂದೆ ಇನ್ನೇನಾದರೂ ಹೇಳಿಯಾನು ಎಂದು ಕಾದರು. ಅವನು ಹೇಳಲಿಲ್ಲ. ಮಾತುಕತೆಯೂ ಅಲ್ಲಿಗೇ ನಿಂತಿತು. ಆಮೇಲೆ ಎರಡು ಮೂರು ಕಡೆ ಓಡಾಡಿ ಅಮ್ಮ ಕೈಚೆಲ್ಲಿದಳು, ಮಾವ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಉಳಿದುಬಿಟ್ಟ.

ಅವನು ಅಳತೆ ಇಲಾಖೆಯಲ್ಲಿ ಕೋಲು ಹಿಡಿಯುವವನು. ರಸ್ತೆ ಹಾಕಲಿ, ನೀರಿನ ಕೊಳವೆ ಹೂಳಲಿ, ಮೊದಲು ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತಿಳಿಯಬೇಕು. ಅದಕ್ಕೆ ಒಂದು ತುದಿಯಲ್ಲಿ ಸರ್ವೇಯರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟುಕೊಂಡು ನಿಲ್ಲುತ್ತಾರೆ. ಇನ್ನೊಂದು ತುದಿಯಲ್ಲಿ ಒಬ್ಬ ಎರಡಾಳೆತ್ತರದ ಅಳತೆಕೋಲು ಹಿಡಿದು ನಿಲ್ಲುತ್ತಾನೆ. ಕೋಲಿನ ಮೇಲೆ ಕೆಂಪು ಕಪ್ಪು ಗುರುತುಗಳು. ದುರ್ಬೀನಿನೊಳಗಿನ ಅಡ್ಡಗೆರೆ ಯಾವ ಗುರುತಿನ ಮೇಲೆ ಬಿತ್ತೋ ಅದನ್ನು ಸರ್ವೇಯರು ಓದಿ ಬರೆದುಕೊಳ್ಳುತ್ತಾರೆ. ಕೋಲು ಒಂದಿಷ್ಟು ವಾಲಿದರೂ ಲೆಕ್ಕ ಕೆಟ್ಟಿತು. ಹಾಗಾಗಿ ಕೋಲಿನ ಬೆನ್ನಿಗೆ, ಎದೆಯ ಮಟ್ಟದಲ್ಲಿ, ಒಂದು ಪುಟ್ಟ ಗಾಜಿನ ಬಿಲ್ಲೆ ಇರುತ್ತದೆ. ಅದರೊಳಗೆ ದ್ರವ, ದ್ರವದಲ್ಲೊಂದು ಗುಳ್ಳೆ. ಗುಳ್ಳೆ ನಡುವಿನ ವೃತ್ತದಲ್ಲಿ ಕೂತರೆ ಕೋಲು ನೆಟ್ಟಗಿದೆ ಎಂದು ಅರ್ಥ. ಮಾವ ಇಪ್ಪತ್ತಾರು ವರ್ಷ ಆ ಗುಳ್ಳೆಯನ್ನೇ ನೋಡುತ್ತ ನಿಂತಿದ್ದಾನೆ. ಅಷ್ಟು ಗಮನ ಕೊಟ್ಟು ಹೆಂಡತಿಯ ಮುಖ ನೋಡಿದ ಗಂಡಸು ನಮ್ಮ ಬೀದಿಯಲ್ಲಿ ಒಬ್ಬನೂ ಇಲ್ಲ ಎನ್ನುತ್ತಾಳೆ ಅಮ್ಮ.

ಕಚೇರಿಯಲ್ಲಿ ಅವನನ್ನು ಕಂಬಣ್ಣ ಎನ್ನುತ್ತಾರೆ. ಒಮ್ಮೆ ಕೆಲಸದ ನಡುವೆ ಒಂದು ಬೀದಿನಾಯಿ ಅವನನ್ನು ಕಂಬವೆಂದೇ ತಿಳಿದು ಹತ್ತಿರ ಬಂದು, ಸುತ್ತು ಹಾಕಿ, ಕಾಲೆತ್ತಿತಂತೆ. ಮಾವ ಅಲುಗಾಡಲಿಲ್ಲ. ಯಾಕೆ ಓಡಿಸಲಿಲ್ಲ ಎಂದು ಕೇಳಿದರೆ "ಸಾಹೇಬ್ರು ಇನ್ನೂ ಓದಿರಲಿಲ್ಲ" ಎಂದ. ಈ ಕಥೆಯನ್ನು ಕಚೇರಿಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತಾರೆ. ನನಗೂ ಹೇಳಿದರು, ನಾನು ಅವನ ಅಕ್ಕನ ಮಗಳು ಎಂದು ಗೊತ್ತಿದ್ದೂ ಹೇಳಿದರು.

ನಾನು ಅದೇ ಕಚೇರಿಯ ಎರಡನೇ ಮಹಡಿಯಲ್ಲಿ ನಕ್ಷೆ ಬರೆಯುತ್ತೇನೆ. ಕೆಳಗಿನಿಂದ ದೀಪ ಬೀಳುವ ಗಾಜಿನ ಮೇಜು ನನ್ನದು. ಬಯಲಿನಿಂದ ಬರುವ ಫೀಲ್ಡ್ ಬುಕ್ಕು ನೋಡಿ, ಅಂಕೆಗಳನ್ನು ಗೆರೆಯಾಗಿಸುವುದು ನನ್ನ ಕೆಲಸ. ಮಾವ ನಿಂತಲ್ಲೆಲ್ಲ ನನ್ನ ಕಾಗದದಲ್ಲಿ ಒಂದು ಚುಕ್ಕೆ ಬೀಳುತ್ತದೆ.

ದುರ್ಬೀನಿಗೂ ಕೋಲಿಗೂ ನಡುವೆ ಇರುವ ದೂರದಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಇವರ ಮಾತೆಲ್ಲ ಕೈಯಲ್ಲೇ. ಒಂದು ಕೈ ಪಕ್ಕಕ್ಕೆ ಚಾಚಿದರೆ ಕೋಲು ಆ ಕಡೆ ವಾಲಿದೆ ಎಂದು. ಎರಡೂ ಅಂಗೈ ಕೆಳಮುಖ ಮಾಡಿ ಮೆಲ್ಲಗೆ ಅದುಮಿದರೆ, ಅಲುಗಾಡಿಸಬೇಡ ಎಂದು. ಎರಡೂ ಕೈ ತಲೆಯ ಮೇಲೆ ಎತ್ತಿ ಜೋಡಿಸಿದರೆ ಓದಿ ಆಯಿತು, ಮುಂದೆ ನಡೆ ಎಂದು. ಇನ್ನೊಂದು ಪದ್ಧತಿಯೂ ಇತ್ತು. ಕೋಲು ಹಿಡಿಯುವವನು ದುರ್ಬೀನಿನೊಳಗೆ ಇಣುಕುವುದಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಆ ತುದಿ ಅವನದು, ಈ ತುದಿ ಸಾಹೇಬರದು, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಮಾವ ತಾನು ಅಲ್ಲಿಂದ ಹೇಗೆ ಕಾಣುತ್ತೇನೆಂದು ಒಮ್ಮೆಯೂ ನೋಡಿರಲಿಲ್ಲ.

ಅದರಲ್ಲಿ ಇಪ್ಪತ್ತೆರಡು ವರ್ಷ ಅವನು ದುಡಿದದ್ದು ಹಳೆಯ ಸರ್ವೇಯರ ಜೊತೆ. ಅವರಿಗೆ ಕಚೇರಿ ಇಟ್ಟ ಹೆಸರು ಹನ್ನೊಂದರ ಸಾಹೇಬರು. ಬೆಳಗ್ಗೆ ಆರಕ್ಕೆ ಬಯಲಿಗೆ ಇಳಿಯುತ್ತಿದ್ದರು. ಗಂಟೆ ಹನ್ನೊಂದು ಆಯಿತೆಂದರೆ ದುರ್ಬೀನನ್ನು ಪೆಟ್ಟಿಗೆಗೆ ಹಾಕಿ, ಸಿಕ್ಕಿದ ಮರದ ಕೆಳಗೆ ಟವೆಲ್ ಹಾಸಿ ಮಲಗಿಬಿಡುತ್ತಿದ್ದರು. ಮೂರೂವರೆಯವರೆಗೆ ಮೇಲಧಿಕಾರಿಯೇ ಬಂದು ಎಬ್ಬಿಸಿದರೂ "ಈಗ ಆಗೋಲ್ಲ" ಎಂದು ಮಗ್ಗಲು ಬದಲಿಸುತ್ತಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಸೋಮಾರಿ ಎಂದುಕೊಂಡು ನಕ್ಕೆವು. ನಾನೂ ನಕ್ಕವಳೇ.

ಅವರು ನಿವೃತ್ತರಾದ ಮೇಲೆ ಒಂದಿಬ್ಬರು ಬಂದು ಹೋದರು. ಹೋದ ವರ್ಷ ಹೊಸ ಸರ್ವೇಯರು ಬಂದರು. ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ತಿಂಗಳು ಮನಸ್ಸಿನಲ್ಲಿ ನಾನು ಅವರಿಗೆ ಮಾಡಿದ ಮಂಗಳಾರತಿ ಸಣ್ಣದಲ್ಲ. ಇಪ್ಪತ್ತೇಳರ ಪ್ರಾಯ, ನಡೆದರೆ ಓಡಿದ ಹಾಗೆ. ಅವರ ಜೊತೆ ಹೊಸ ದುರ್ಬೀನೂ ಬಂತು. ಇನ್ನೂರು ಮೀಟರ್ ಆಚೆಯ ಕೋಲನ್ನು ಮೂಗಿನ ಮುಂದೆ ತಂದು ನಿಲ್ಲಿಸುವಂಥದ್ದು. ಟ್ಯಾಂಕಿನಿಂದ ಹೊಸ ಬಡಾವಣೆಗೆ ನೀರಿನ ಕೊಳವೆ ಹಾಕಬೇಕಿತ್ತು, ನಡುವೆ ಒಂದು ಮರವೂ ಇಲ್ಲದ ಬಯಲು, ಬಯಲಿನುದ್ದಕ್ಕೂ ಟಾರು ರಸ್ತೆ. ತಿಂಗಳ ಕೊನೆಗೆ ಮುಗಿಸಬೇಕೆಂದು ಮೇಲಿನಿಂದ ಒತ್ತಡ. ದುರ್ಬೀನು ಅಷ್ಟು ದೂರ ಕಾಣಿಸುವಾಗ ಅಡಿಗಡಿಗೆ ಯಾಕೆ ನಿಲ್ಲಬೇಕು ಎಂದು ಅವರು ಒಂದೊಂದು ನೋಟವನ್ನೂ ಉದ್ದ ಮಾಡಿದರು. ಮಧ್ಯಾಹ್ನ ಯಾಕೆ ಬಿಡಬೇಕು ಎಂದು ಮಧ್ಯಾಹ್ನವೂ ಮಾವನನ್ನು ನಿಲ್ಲಿಸಿದರು.

ಮೊದಲ ದಿನವೇ ಹನ್ನೆರಡರ ಹೊತ್ತಿಗೆ ಆ ತುದಿಯಿಂದ ಅಂಗೈ ಅದುಮುವ ಸನ್ನೆ ಬಂತು. ಅಲುಗಾಡಿಸಬೇಡ. ಮಾವ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಮತ್ತೆ ಅದೇ ಸನ್ನೆ. ಕಾಲು ಅಗಲಿಸಿ ನಿಂತ. ಮತ್ತೆ ಅದೇ. ಉಸಿರು ಹಿಡಿದ. ಮತ್ತೆ. ಮೂರನೆಯ ದಿನ, ಹೋಗುವಾಗ ಬರೆದ ಲೆಕ್ಕಕ್ಕೂ ಅದೇ ದಾರಿಯಲ್ಲಿ ಅಳೆಯುತ್ತ ಬರುವಾಗಿನ ಲೆಕ್ಕಕ್ಕೂ ಎರಡು ಬೆರಳಷ್ಟು ವ್ಯತ್ಯಾಸ ಬಿದ್ದಾಗ, ಸರ್ವೇಯರು ಸನ್ನೆ ಬಿಟ್ಟು ತಾವೇ ನಡೆದುಕೊಂಡು ಬಂದರು.

"ಏನಾಗ್ತಿದೆ? ಕೋಲು ಸುಮ್ನೆ ನಿಲ್ತಾನೇ ಇಲ್ಲ."

"ಗಟ್ಟಿಯಾಗೇ ಹಿಡ್ಕೊಂಡಿದೀನಿ ಸಾರ್."

"ನನ್ನ ಕಣ್ಣಿಗೆ ಕಾಣ್ತಿದೆಯಲ್ಲ. ಕೈ ಏನಾದ್ರೂ ನಡುಗುತ್ತಾ ನಿಮಗೆ?"

ಮಾವ ತನ್ನ ಕೈ ನೋಡಿಕೊಂಡ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು "ಇರ್ಬೋದು ಸಾರ್. ನಮ್ಮಪ್ಪಂಗೂ ಇತ್ತು" ಎಂದ.

ಮುಗಿಯಿತು. ಆ ಮೇಲೆ ಸರ್ವೇಯರು ಬೇರೆ ಕಾರಣ ಹುಡುಕಲಿಲ್ಲ. ಆಳು ತಾನೇ ಒಪ್ಪಿಕೊಂಡ ಮೇಲೆ ಯಾರು ಹುಡುಕುತ್ತಾರೆ?

ನನ್ನ ಮೇಜಿಗೆ ಆ ಫೀಲ್ಡ್ ಬುಕ್ಕು ಬಂದಾಗ ಷರಾ ಬರೆಯುವ ಕಡೆಯ ಕಾಲಮ್ಮಿನಲ್ಲಿ ನೀಟಾದ ಅಕ್ಷರದಲ್ಲಿ ಹೀಗಿತ್ತು: "ಕೋಲು ಹಿಡಿಯುವವರ ಕೈ ನಡುಗುತ್ತದೆ. ವ್ಯತ್ಯಾಸಕ್ಕೆ ಇದೇ ಕಾರಣ. ಬದಲಿ ಆಳು ಬೇಕು." ಕೆಳಗಿನಿಂದ ದೀಪ ಬೀಳುತ್ತಿದ್ದರಿಂದ ಆ ಸಾಲು ಹಿಂದಿನ ಪುಟದಿಂದಲೂ ತಿರುವುಮುರುವಾಗಿ ಕಾಣುತ್ತಿತ್ತು. ವಾರದೊಳಗೆ ಆದೇಶವೂ ಬಂತು. ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಮಾವ ಬಯಲಿಗೆ ಹೋಗಬೇಕಾಗಿಲ್ಲ, ನೆಲಮಾಳಿಗೆಯ ದಾಸ್ತಾನು ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದು. ನಿಂತು ಬದುಕಿದವನಿಗೆ ಕೂರುವ ಶಿಕ್ಷೆ.

ಆದರೆ ಮಾವನಿಗೆ ಕುರ್ಚಿಯ ಚಿಂತೆ ಇರಲಿಲ್ಲ. ಅವನ ಚಿಂತೆ ತನ್ನ ಅಪ್ಪನದು. ನನ್ನ ತಾತನಿಗೆ ಐವತ್ತು ದಾಟಿದ ಮೇಲೆ ನಡುಕದ ಕಾಯಿಲೆ ಹಿಡಿದಿತ್ತು. ಮೊದಲು ಹೆಬ್ಬೆರಳು, ಆಮೇಲೆ ಕೈ, ಆಮೇಲೆ ಗದ್ದ. ಕೊನೆಯ ಆರು ವರ್ಷ ಅವರಿಗೆ ತುತ್ತು ಇಟ್ಟದ್ದು, ಗುಂಡಿ ಹಾಕಿದ್ದು, ಗಡ್ಡ ಹೆರೆದದ್ದು ಎಲ್ಲ ಮಾವನೇ. ಕಾಯಿಲೆ ಹೇಗೆ ಶುರುವಾಗುತ್ತದೆ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಅವನಿಗೆ ಕರತಲಾಮಲಕ. ಈಗ ಅವನಿಗೂ ಐವತ್ತೊಂದು.

ಅವನು ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದ. ಊಟಕ್ಕೆ ನಮ್ಮೆಲ್ಲರ ಜೊತೆ ಕೂರುವುದು ಬಿಟ್ಟ. ಸೂಜಿಗೆ ದಾರ ಪೋಣಿಸಿಕೊಡು ಎಂದು ಅಮ್ಮ ಕೇಳಿದರೆ ಏನೋ ನೆಪ ಹೇಳಿ ಎದ್ದುಹೋದ. ಡಾಕ್ಟರ ಹತ್ತಿರ ಹೋಗೋಣ ಎಂದರೆ "ಗೊತ್ತಿರೋ ಕಾಯಿಲೆ ಹೆಸರು ಹೇಳಿಸ್ಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಎಂದ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟ. ಪುಟ್ಟಿಗೆ ಆಗ ಆರು ತಿಂಗಳು. ನನ್ನ ಗಂಡ ದೂರದ ಬಸ್ಸು ಓಡಿಸುವವರು, ವಾರಕ್ಕೆರಡು ದಿನ ಮನೆಗೆ. ಹಾಗಾಗಿ ಸಂಜೆ ಐದೂವರೆಯಿಂದ ಅವಳು ಮಾವನ ಸೊತ್ತು. ಅವನ ಬಲಗೈಯ ಮಡಿಕೆಯಲ್ಲಿ ಮಲಗಿ, ಅವನ ಅಂಗಿಯ ಗುಂಡಿ ಚೀಪುತ್ತ, ಹಾಗೇ ನಿದ್ದೆ ಹೋಗುತ್ತಿದ್ದಳು. ಅವನು ಒಂದು ಗಂಟೆ ಅಲುಗಾಡದೆ ನಿಂತಿರುತ್ತಿದ್ದ. ಈಗ ಮಗು ತೊಟ್ಟಿಲಲ್ಲಿ ಅತ್ತರೆ ತೊಟ್ಟಿಲ ಪಕ್ಕ ನಿಂತು ಬಾಯಲ್ಲಿ ಸದ್ದು ಮಾಡುತ್ತಿದ್ದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಒಂದು ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದೆ. ಆಗಷ್ಟೇ ಕತ್ತಲಾಗಿತ್ತು. ಮಾವ ಗೋಡೆಗೆ ಒರಗಿ ಮೇಲೆ ನೋಡುತ್ತಿದ್ದ.

"ಒಂದ್ ಮಾತು ಕೇಳ್ತೀನಿ, ನಗಬೇಡ" ಎಂದ. "ಆ ನಕ್ಷತ್ರ ಇದೆಯಲ್ಲ, ನೀರಿನ ಟ್ಯಾಂಕಿನ ಮೇಲೆ. ನಿನಗೆ ಹೇಗೆ ಕಾಣ್ಸುತ್ತೆ?"

"ಮಿನುಗ್ತಾ ಇದೆ."

"ಮಿನುಗೋದು ಬೇರೆ. ನಡುಗೋ ಹಾಗೆ ಕಾಣ್ಸುತ್ತಾ?"

ನೋಡಿದೆ. ಹುಟ್ಟಿದಾಗಿನಿಂದ ನೋಡಿದ ನಕ್ಷತ್ರವನ್ನು ಆ ಕಣ್ಣಿನಿಂದ ನೋಡಿರಲಿಲ್ಲ. "ನಡುಗುತ್ತೆ" ಎಂದೆ.

"ಸದ್ಯ" ಎಂದು ಉಸಿರು ಬಿಟ್ಟ. "ಕಣ್ಣಿಗೂ ಬಂತೇನೋ ಅಂದ್ಕೊಂಡಿದ್ದೆ."

ನನಗೆ ಸಿಟ್ಟು ಬಂತು. ಅವನ ಮೇಲೋ, ಆ ಷರಾದ ಮೇಲೋ, ತಾತನ ಮೇಲೋ ಗೊತ್ತಿಲ್ಲ. "ನಕ್ಷತ್ರ ಎಲ್ಲರ ಕಣ್ಣಿಗೂ ನಡುಗುತ್ತೆ ಮಾವ. ಅದನ್ನೇನು ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ನಿಂತಿದಾರಾ?" ಎಂದು ಬಟ್ಟೆಯನ್ನು ಹಗ್ಗದಿಂದ ಎಳೆದೆ.

ನಾನು ದಿಂಬಿನ ಚೀಲ, ಮಗುವಿನ ಬಟ್ಟೆಗಳೆಲ್ಲವನ್ನು ಮಡಚಿ ಮುಗಿಸಿದೆ. ಅಷ್ಟರಲ್ಲಿ ಅವನು ಬಯಲಿನ ಆಚೆಯ ದಿಬ್ಬದ ಕಡೆ ಕೈ ತೋರಿಸಿದ.

"ಅಲ್ಲಿ ನೋಡು, ಆ ಮನೆಗಳ ದೀಪ. ಅವೂ ನಡುಗ್ತಿವೆ. ನಮ್ಮ ಬೀದಿ ದೀಪ ನಡುಗ್ತಿಲ್ಲ."

"ಇದು ಹತ್ರ ಇದೆಯಲ್ಲ."

"ಹತ್ರ" ಎಂದ. ದಿಬ್ಬದ ಕಡೆ ಮತ್ತೆ ನೋಡಿದ. "ಹತ್ರದ ಕೋಲಿಗೆ ಸಾಹೇಬ್ರು ಯಾವತ್ತೂ ಕೈ ಅದುಮಿಲ್ಲ. ದೂರದ್ದಕ್ಕೆ ಮಾತ್ರ. ಅದೂ ಬೆಳಗ್ಗೆ ಅಲ್ಲ."

ಪಡುವಣದಲ್ಲಿ ಇನ್ನೊಂದು ಚುಕ್ಕೆ, ಎಲ್ಲಕ್ಕಿಂತ ದೊಡ್ಡದು, ಒಂದಿಷ್ಟೂ ಕದಲದೆ ಹೊಳೆಯುತ್ತಿತ್ತು. "ಹಾಗಾದ್ರೆ ಅದ್ಯಾಕೆ ನಡುಗಲ್ಲ?" ಎಂದ. ಬಹಳ ದಿನದ ಮೇಲೆ ಅವನು ತನ್ನ ಕೈ ಬಿಟ್ಟು ಬೇರೊಂದರ ಬಗ್ಗೆ ಕೇಳಿದ್ದ.

ಮರುದಿನ ಕಚೇರಿಯಲ್ಲಿ ನಾನು ಹೊಸ ಫೀಲ್ಡ್ ಬುಕ್ಕನ್ನು ಮತ್ತೆ ತೆಗೆದೆ. ಪ್ರತಿ ಓದಿಗೂ ಎದುರಿಗೆ ಸಮಯ ಬರೆದಿರುತ್ತದೆ. ಬೆಳಗಿನ ಓದುಗಳು ಚಿನ್ನದಂತಿದ್ದವು. ಕೆಟ್ಟವೆಲ್ಲ ಹನ್ನೊಂದೂವರೆಯಿಂದ ಮೂರರೊಳಗಿನವು. ಆಮೇಲೆ ಕಪಾಟಿನಿಂದ ಹನ್ನೊಂದರ ಸಾಹೇಬರ ಹಳೆಯ ಬುಕ್ಕುಗಳನ್ನು ಇಳಿಸಿಕೊಂಡು ಊಟದ ಹೊತ್ತಿನಲ್ಲಿ ಕೂತು ಪುಟ ತಿರುವಿದೆ. ಇಪ್ಪತ್ತೆರಡು ವರ್ಷ. ಹನ್ನೊಂದರಿಂದ ಮೂರೂವರೆಯವರೆಗೆ ಒಂದೇ ಒಂದು ಓದೂ ಇರಲಿಲ್ಲ. ಸೋಮಾರಿತನಕ್ಕೆ ಅಷ್ಟೊಂದು ಶಿಸ್ತು ಇರುವುದಿಲ್ಲ. ನನಗೆ ನಾಚಿಕೆಯಾಯಿತು.

ಭಾನುವಾರ ಮಾವನನ್ನು ಹೊರಡಿಸಿಕೊಂಡು ಹನ್ನೊಂದರ ಸಾಹೇಬರ ಮನೆಗೆ ಹೋದೆ. ಮಧ್ಯಾಹ್ನ ಎರಡೂವರೆ. ಬಾಗಿಲು ತೆಗೆದ ಅವರ ಹೆಂಡತಿ "ಮಲಗಿದಾರೆ. ಮೂರೂವರೆಗೆ ಏಳ್ತಾರೆ" ಎಂದರು. ನಾನು ಕೂತೆ. ಮಾವ ಕೂರಲಿಲ್ಲ, ನಿಂತ. ಸರಿಯಾಗಿ ಮೂರೂವರೆಗೆ ಒಳಗಿನ ಬಾಗಿಲಲ್ಲಿ ಸಾಹೇಬರು ಕಾಣಿಸಿಕೊಂಡರು. ಮಾವನನ್ನು ನೋಡಿ ಅಲ್ಲಿಂದಲೇ ಒಂದು ಕೈಯನ್ನು ಪಕ್ಕಕ್ಕೆ ಚಾಚಿದರು. ಮಾವ ತನಗರಿವಿಲ್ಲದೆ ನೆಟ್ಟಗಾದ. ಇಬ್ಬರೂ ನಕ್ಕರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಮಾವನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

"ಗುಳ್ಳೆ ಅಲುಗಿತ್ತೇನಯ್ಯಾ?"

"ಇಲ್ಲ."

"ನೋಡಿದ್ಯಾ?"

"ಅದನ್ನೇ ತಾನೇ ನಾನು ನೋಡೋದು. ನಡುವಲ್ಲೇ ಕೂತಿತ್ತು."

"ನಿನ್ನ ಕೈ ನಡುಗಿದ್ರೆ ಗುಳ್ಳೆ ಕುಣೀಬೇಕಲ್ಲಪ್ಪಾ. ಇಪ್ಪತ್ತಾರು ವರ್ಷ ನಂಬಿದ ಗುಳ್ಳೇನ ಬಿಟ್ಟು ಯಾರೋ ಹೇಳಿದ್ದನ್ನ ನಂಬಿದ್ಯಾ?"

"ಸಾಹೇಬ್ರು ಹೇಳಿದ್ರಲ್ಲ" ಎಂದ ಮಾವ.

ಹಳೆಯ ಸರ್ವೇಯರು ನಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಒಲೆ ಹಚ್ಚಿದರು, ಮೇಲೆ ಏನೂ ಇಡಲಿಲ್ಲ. "ಬೆಂಕಿಯ ಮೇಲಿಂದ ಆ ಗೋಡೆಯ ಕ್ಯಾಲೆಂಡರ್ ನೋಡಿ" ಎಂದರು. ಬಗ್ಗಿ ನೋಡಿದೆವು. ತಾರೀಖುಗಳು ನೀರಿನಲ್ಲಿ ಬಿದ್ದಂತೆ ತೇಲಾಡುತ್ತಿದ್ದವು.

"ಕ್ಯಾಲೆಂಡರನ್ನ ಯಾರೂ ಅಲ್ಲಾಡಿಸ್ತಿಲ್ಲ. ಬಿಸಿ ಗಾಳಿ ತೆಳುವು, ತಣ್ಣನೆ ಗಾಳಿ ದಪ್ಪ. ಎರಡೂ ಬೆರೆತು ಏಳುವಾಗ, ನಡುವೆ ಹಾದು ಬರೋ ಬೆಳಕು ಒಂದ್ಸಲ ಹೀಗೆ ಬಾಗುತ್ತೆ, ಒಂದ್ಸಲ ಹಾಗೆ. ಬಿಸಿಲಲ್ಲಿ ಕಾದ ಟಾರು ರಸ್ತೆ ಇದೆಯಲ್ಲ, ಅದು ಇನ್ನೂರು ಮೀಟರ್ ಉದ್ದದ ಒಲೆ. ಅದರ ಮೇಲಿಂದ ಕೋಲು ನೋಡಿದ್ರೆ ಕುಣೀದೆ ಇನ್ನೇನು ಮಾಡುತ್ತೆ? ದುರ್ಬೀನು ದೊಡ್ಡದಾದಷ್ಟೂ ಕುಣಿತವೂ ದೊಡ್ಡದು."

"ನಕ್ಷತ್ರ?" ಎಂದ ಮಾವ.

"ಅದೂ ಇದೇ. ಆಕಾಶದಲ್ಲಿ ಒಲೆ ಇಲ್ಲ, ಆದ್ರೆ ಮೈಲಿಗಟ್ಟಲೆ ಗಾಳಿ ಇದೆ. ಬೆಚ್ಚಗಿನದು, ತಣ್ಣಗಿನದು, ಒಂದರ ಮೇಲೊಂದು ಹರೀತಾನೇ ಇರುತ್ತೆ. ನಕ್ಷತ್ರ ಎಷ್ಟು ದೂರ ಅಂದ್ರೆ ನಮಗೆ ಬರೀ ಒಂದು ಚುಕ್ಕೆ. ಅದರ ಬೆಳಕು ಒಂದೇ ಎಳೆ ಬಂದ ಹಾಗೆ. ಎಳೆ ಅತ್ತಿತ್ತ ಆದ್ರೆ ಚುಕ್ಕೆ ಒಂದು ಕ್ಷಣ ಹೊಳೆಯುತ್ತೆ, ಒಂದು ಕ್ಷಣ ಮಂಕಾಗುತ್ತೆ. ನಕ್ಷತ್ರ ಮಾತ್ರ ಇದ್ದಲ್ಲೇ ಇದೆ."

"ಪಡುವಣದಲ್ಲಿ ಒಂದು ನಡುಗಲ್ಲ."

"ಅದು ಗ್ರಹ. ಹತ್ತಿರದ್ದು. ಕಣ್ಣಿಗೆ ಚುಕ್ಕೆ ಅನ್ನಿಸಿದ್ರೂ ಅದೊಂದು ಪುಟ್ಟ ಬಿಲ್ಲೆ. ಎಳೆ ಒಂದಲ್ಲ, ನೂರಾರು. ಒಂದು ಆಚೆ ಹೋದ್ರೆ ಇನ್ನೊಂದು ಈಚೆ ಬರುತ್ತೆ, ಒಟ್ಟು ಲೆಕ್ಕ ಸಮ ಆಗಿಬಿಡುತ್ತೆ."

ಅವರು ಒಲೆ ಆರಿಸಿದರು. "ಇದನ್ನ ನಾನು ನಿನಗೆ ಹೇಳ್ಬೇಕಿತ್ತು ಕಣಯ್ಯಾ" ಎಂದರು. "ಸೋಮಾರಿ ಅಂದ್ರು, ಅನ್ಲಿ ಬಿಡು ಅಂತ ಮಲಗಿದೆ. ಅನ್ನಿಸ್ಕೊಳ್ಳೋದು ನನಗೆ ಸುಲಭ ಆಗಿತ್ತು. ಅದರ ಫಲ ನಿನ್ನ ತಲೆಗೆ ಸುತ್ತಿಕೊಳ್ತು."

ಸೋಮವಾರ ನಾನೇ ಹೊಸ ಸರ್ವೇಯರ ಬಳಿ ಹೋದೆ. ಬುಕ್ಕುಗಳನ್ನು ಬಿಡಿಸಿ ಸಮಯಗಳನ್ನು ತೋರಿಸಿದೆ. ಅವರು ಓದಿದರು, ಕಿವಿ ಕೆಂಪಾಯಿತು. "ಬಿಸಿಗಾಳಿ ವಿಷಯ ನಾನೂ ಓದಿದೀನಿ. ಆದ್ರೆ ಅವರೇ ಹೌದು ಅಂದ್ರಲ್ಲ..." ಎಂದು ತಡವರಿಸಿದರು. "ಯಾರೂ ಕೈಯಲ್ಲಿ ಹಿಡಿಯದೆ ಕೋಲನ್ನ ಒಂದ್ಸಲ ನೋಡಿ ಸಾರ್. ನೋಡೋದು ನೀವೊಬ್ರೇ ಅಲ್ಲ, ಅವನೂ ನೋಡ್ಲಿ" ಎಂದೆ. ಅವರು ತಕ್ಷಣ ಒಪ್ಪಿದರು. ಕೆಟ್ಟವರಲ್ಲ ಎಂದೆನಲ್ಲ.

ನಾನು ಅಂದೇ ಅರ್ಧ ದಿನ ರಜೆ ಹಾಕಿದೆ. ಹನ್ನೆರಡೂವರೆಗೆ ಬಯಲಿನಲ್ಲಿ ನಿಂತರೆ ಚಪ್ಪಲಿಯ ಅಡಿಯಿಂದ ಟಾರಿನ ಕಾವು ಏರುತ್ತಿತ್ತು. ರಸ್ತೆಯ ತುದಿಯ ಕಬ್ಬಿಣದ ದೀಪದ ಕಂಬಕ್ಕೆ ಮಾವ ತಾನೇ ಕೋಲನ್ನು ಮೂರು ಕಡೆ ಹಗ್ಗ ಬಿಗಿದು ಕಟ್ಟಿದ. ಗುಳ್ಳೆ ನಡುವಿಗೆ ಬರುವ ತನಕ ಹಗ್ಗ ಸಡಿಲಿಸಿ ಬಿಗಿದ. "ಕಂಬಣ್ಣನ ಜಾಗಕ್ಕೆ ಕಂಬ ಬಂತು" ಎಂದೆ. ಅವನು ನಗಲಿಲ್ಲ. "ಮುಟ್ಟಬೇಡ. ಗುಳ್ಳೆ ನೋಡ್ತಿರು" ಎಂದು ಹೇಳಿ ಸರ್ವೇಯರ ಜೊತೆ ಆ ತುದಿಗೆ ನಡೆದ. ಅವನು ನಡೆದು ನಡೆದು ಚಿಕ್ಕದಾಗುವುದನ್ನು ನೋಡುತ್ತ ನಿಂತೆ. ಇಪ್ಪತ್ತಾರು ವರ್ಷ ಅವನು ನೋಡಿದ ಬಯಲು ಇದೇ ಎಂದು ಆಗ ಹೊಳೆಯಿತು. ಆ ತುದಿಯಲ್ಲಿ ಒಂದು ಬೆರಳುದ್ದದ ಮನುಷ್ಯ, ಅವನ ಕೈ ಏನು ಹೇಳುತ್ತದೋ ಎಂದು ಕಾಯುವುದು.

ಮೊದಲು ಸರ್ವೇಯರು ಬಗ್ಗಿದರು. ಎದ್ದು ಪಕ್ಕಕ್ಕೆ ಸರಿದರು. ಆಮೇಲೆ ಮಾವ ಬಗ್ಗಿದ.

ಬಗ್ಗಿದವನು ಏಳಲೇ ಇಲ್ಲ. ನಾನು ಗುಳ್ಳೆ ನೋಡಿದೆ. ವೃತ್ತದ ನಡುವೆ ಕಲ್ಲಿನಲ್ಲಿ ಕೊರೆದ ಹಾಗೆ ಕೂತಿತ್ತು. ಮತ್ತೆ ಆ ಕಡೆ ನೋಡಿದೆ. ಅವನು ಇನ್ನೂ ಬಗ್ಗಿಯೇ ಇದ್ದ. ಕೊನೆಗೆ ತಲೆಯೆತ್ತಿ, ಎರಡೂ ಅಂಗೈಗಳನ್ನು ಕೆಳಮುಖ ಮಾಡಿ ಅದುಮಿದ. ಅಲುಗಾಡಿಸಬೇಡ.

ನಾನು ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದೆ. ಬೆರಳುಗಳನ್ನು ಬಿಡಿಸಿ ತೋರಿಸಿದೆ. ನಾನು ಮುಟ್ಟಿಲ್ಲ ಮಾವ, ಯಾರೂ ಮುಟ್ಟಿಲ್ಲ.

ಅವನು ಮತ್ತೆ ಬಗ್ಗಿದ. ಬೆವರು ನನ್ನ ಕಣ್ಣಿಗಿಳಿಯಿತು. ಆಮೇಲೆ ನೆಟ್ಟಗೆ ನಿಂತು, ಬಹಳ ನಿಧಾನವಾಗಿ, ಎರಡೂ ಕೈ ತಲೆಯ ಮೇಲೆತ್ತಿ ಜೋಡಿಸಿದ. ಓದಿ ಆಯಿತು.

ನಾನು ಕೋಲು ಬಿಚ್ಚಿ ಹೊತ್ತುಕೊಂಡು ಅಲ್ಲಿಗೆ ತಲುಪಿದಾಗ ಅವನು ಸರ್ವೇಯರಿಗೆ "ಪಾಪ, ಇಷ್ಟು ದಿನ ಇಂಥದ್ದನ್ನ ನೋಡ್ಕೊಂಡು ಓದ್ತಿದ್ರಾ ನೀವು?" ಎನ್ನುತ್ತಿದ್ದ. ಅವನ ಸ್ವಭಾವವೇ ಅಂಥದ್ದು. ಸರ್ವೇಯರು ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಫೀಲ್ಡ್ ಬುಕ್ಕು ಇಟ್ಟು ಆ ಷರಾ ಇದ್ದ ಪುಟ ತೆಗೆದರು. ಫೀಲ್ಡ್ ಬುಕ್ಕಿನಲ್ಲಿ ಅಳಿಸುವ ಹಾಗಿಲ್ಲ, ಅದು ನಿಯಮ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ತಪ್ಪು ಏನಿತ್ತೆಂದು ಓದಲು ಬರುತ್ತಿರಬೇಕು, ಪಕ್ಕದಲ್ಲಿ ಸಹಿ ಇರಬೇಕು. ಅವರು ಗೆರೆ ಎಳೆದು ಕೆಳಗೆ ಬರೆದರು: "ನೋಟ ಉದ್ದ, ಹೊತ್ತು ಮಧ್ಯಾಹ್ನ, ನಡುವಿನ ಗಾಳಿ ಕದಲುತ್ತಿತ್ತು. ಕೋಲು ಸ್ಥಿರ. ತಪ್ಪು ನನ್ನದು." ದಾಸ್ತಾನು ಕೋಣೆಯ ಆದೇಶ ಆ ವಾರವೇ ರದ್ದಾಯಿತು. ಈಗ ಅವರ ತಂಡವೂ ಹನ್ನೊಂದಕ್ಕೆ ದುರ್ಬೀನು ಮಡಚುತ್ತದೆ. ಕಚೇರಿ ಅವರಿಗೂ ಹೆಸರಿಡಲು ಶುರು ಮಾಡಿದೆ.

ಅಳಿಸುವ ಹಾಗಿಲ್ಲ ಎನ್ನುವ ನಿಯಮ ನನಗೂ ಅನ್ವಯಿಸುತ್ತದೆ. ಹಾಗಾಗಿ ನನ್ನದನ್ನೂ ಬರೆಯುತ್ತೇನೆ. ಮಾವ ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಷರಾ ಓದಿದ ದಿನ ಸಂಜೆ ಅವನು ಎಂದಿನಂತೆ ಕೈ ಚಾಚಿದ್ದ. ನಾನು "ಈಗ ಬೇಡ ಮಾವ, ಹಾಲು ಕುಡಿದಿದಾಳೆ" ಎಂದು ಪುಟ್ಟಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡೆ. ಅವಳು ಹಾಲು ಕುಡಿದಿರಲಿಲ್ಲ. ಅವನು ನನ್ನ ಮುಖ ನೋಡಿದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವನ ಟೀ ಲೋಟಕ್ಕೆ ಮುಕ್ಕಾಲು ಮಾತ್ರ ತುಂಬಿಸಲು ಶುರು ಮಾಡಿದವಳೂ ನಾನೇ. ಸರ್ವೇಯರು ನೋಡಿದ್ದು ಇನ್ನೂರು ಮೀಟರ್ ದೂರದಿಂದ. ನಾನು ಒಂದು ಮಾರು ದೂರದಿಂದ ನೋಡಿ ಅದನ್ನೇ ನಂಬಿದ್ದೆ.

ಆ ಸೋಮವಾರ ಸಂಜೆ ಐದೂವರೆಗೆ ಪುಟ್ಟಿ ತೊಟ್ಟಿಲಲ್ಲಿ ಎದ್ದು ಅತ್ತಳು. ಮಾವ ಕೈಕಾಲು ತೊಳೆದು ಬಂದು ಬಾಗಿಲಲ್ಲಿ ನಿಂತ. ಕೈ ಚಾಚಲಿಲ್ಲ. ಕಾಯುತ್ತಿದ್ದ. ನಾನು ಮಗುವನ್ನು ಎತ್ತಿ ಅವನ ಬಲಗೈಯ ಮಡಿಕೆಯಲ್ಲಿ ಮಲಗಿಸಿದೆ. ಅವಳು ತಡಕಾಡಿ ಅಂಗಿಯ ಗುಂಡಿ ಹುಡುಕಿಕೊಂಡು ಬಾಯಿಗೆ ಹಾಕಿಕೊಂಡಳು. ಅಳು ನಿಂತಿತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದು ನೋಡಿ ಒಳಗೆ ಹೋದಳು.

ಮಾವ ಕಂಬದ ಹಾಗೆ ನಿಂತಿದ್ದ. ಅವನ ಕೈ ಒಂದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಆದರೂ ಪುಟ್ಟಿಯ ಕಾಲಿನ ಗೆಜ್ಜೆ ಸಣ್ಣಗೆ ಸದ್ದು ಮಾಡುತ್ತಿತ್ತು. ಯಾಕೆ ಎಂದು ನನಗೆ ಗೊತ್ತಾಗಲಿಲ್ಲ. ಮಾವ ಕೆಳಗೆ ನೋಡಿದ.

"ನಿನ್ನ ಕೈ ತೆಗಿ ಮಗಾ" ಎಂದ ಮೆಲ್ಲಗೆ. "ನಡುಗ್ತಿದೆ."

ಮಗುವಿನ ಅಡಿಯಲ್ಲಿ ನನ್ನ ಎರಡೂ ಕೈ ಇನ್ನೂ ಹಾಗೇ ಇದ್ದವು. ತೆಗೆದೆ. ಗೆಜ್ಜೆ ನಿಂತಿತು.